ತಟ್ಟೆಗೆ ಸುರಿದ ಅಕ್ಕಿ

ತಾಯಿ ಯಲ್ಲಮ್ಮನನ್ನು ನಂಬಿದ ಅಕ್ಕತಂಗಿಯರೇ, ನನಗೆ ಸಿಹಿಯಾಗಿ ಬರೆಯಲು ಬರುವುದಿಲ್ಲ. ಬರೆಯಲು ಬರುವುದೇ ಅಷ್ಟಕ್ಕಷ್ಟೆ. ನಡೆದದ್ದನ್ನು ಹೇಳುತ್ತೇನೆ.

ತೊಂಬತ್ತೇಳನೆಯ ಇಸವಿಯಲ್ಲಿ ಭೋಸರಿಯ ಕಾರ್ಖಾನೆಯೊಂದರ ಮಷಿನ್ನಿಗೆ ಸಿಕ್ಕು ನನ್ನ ಮಗ ಸತ್ತ. ಆಸ್ಪತ್ರೆಯ ಬಾಗಿಲಲ್ಲಿ ಕುಳಿತು ತಾಯಿಯನ್ನು ಬೇಡಿದ್ದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಮಗನ ಬದಲು ಸೊಸೆ ಕಸ್ತೂರಿಯನ್ನು ಅಲ್ಲೇ ತೆಗೆದುಕೊಂಡರು. ತಯಾರಾದ ಸರಳುಗಳ ದಪ್ಪ ಅಳೆಯುವ ಕೆಲಸ. ಮರುವರ್ಷ, ಪರೀಕ್ಷೆ ಪಾಸಾದರೆ ಕಾಯಂ, ಇಲ್ಲದಿದ್ದರೆ ಮನೆಗೆ ಎಂದರು. ಸರಳುಗಳನ್ನು ದಪ್ಪದ ಪ್ರಕಾರ ಗುಂಪು ಮಾಡಿ, ಕಾಗದದ ಮೇಲೆ ಗುಂಪಿಗೊಂದು ಕಂಬ ನಿಲ್ಲಿಸಿ ಚಿತ್ರ ಬರೆಯಬೇಕಂತೆ. ಎಷ್ಟು ಸರಳೋ ಅಷ್ಟು ಎತ್ತರ ಎಂದು ಇವಳು ಬರೆದಳು. ಕೊನೆಯ ಗುಂಪಿಗೆ ಮಾತ್ರ ಎರಡು ಗುಂಪಿನಷ್ಟು ಅಳತೆ ಸೇರಿ, ಅದರ ಕಂಬ ಉಳಿದವುಗಳ ಎರಡರಷ್ಟು ಅಗಲ. ಪಾಠದಲ್ಲಿ ಆ ಕಂಬ ಪ್ರತಿ ಸಲ ತಪ್ಪು. "ನೀ ಹೋಗಿ ರೊಟ್ಟಿ ಬಡಿ" ಎಂದು ಕಲಿಸುವ ಸಾಹೇಬ ನಕ್ಕನಂತೆ.

ಪರೀಕ್ಷೆಗೆ ಮುಂಚಿನ ಶುಕ್ರವಾರ. ವಾರವಾರ ತಾಯಿಯ ಫೋಟೋದ ಮುಂದೆ ಹಿತ್ತಾಳೆ ಲೋಟದಲ್ಲಿ ಅಕ್ಕಿ ತುಂಬಿಡುವುದು ನಮ್ಮ ಪದ್ಧತಿ. ಅಂದು ಸಿಟ್ಟು ಬಂತು.

"ಮಗನ್ನ ಕಸ್ಕೊಂಡಿ, ಈಗ ಅನ್ನಾನೂ ಕಸ್ಕೋತಿ. ನಿನಗ್ಯಾಕ ಹಿತ್ತಾಳಿ ಲೋಟ?" ಎಂದು ಲೋಟದ ಅಕ್ಕಿಯನ್ನು ಊಟದ ತಟ್ಟೆಗೆ ಸುರಿದೆ. ಸುರಿದ ಮೇಲೆ ಹೆದರಿಕೆಯಾಯಿತು. ಕಂಠದವರೆಗೆ ನಿಂತಿದ್ದ ಅಕ್ಕಿ ತಟ್ಟೆಯ ತಳಕ್ಕೆ ಇಳಿದಿತ್ತು.

"ಏ ಕಸ್ತೂರಿ, ಇನ್ನೊಂದ್ ಹಿಡಿ ತಾ. ಮುದುಕಿ ಕಡಿಮಿ ಹಾಕಿದ್ಲು ಅಂತ ಇಕಿ ಮತ್ತ ಮುನಿಸ್ಕೊಂಡಾಳು."

"ಅಕ್ಕಿ ಅಷ್ಟ ಅದ ರೀ ಅತ್ತಿ. ತಾಟು ಅಗಲ ಅದ, ಅದಕ್ಕ ಎತ್ತರ ಇಳದದ" ಎಂದವಳು ಹಾಗೇ ಬಾಯಿ ತೆರೆದು ನಿಂತಳು.

"ಯಾಕ, ದೆವ್ವ ಬಡೀತೇನ?"

"ಅತ್ತಿ, ಲೆಕ್ಕ ಎತ್ತರದಾಗ ಇಲ್ಲರೀ! ಇಡೀ ಕಂಬದಾಗ ಅದ. ಅಗಲ ಎರಡರಷ್ಟಾದ್ರ ಎತ್ತರ ಅರ್ಧ ಆಗಬೇಕು."

ನನಗೆ ಅರ್ಧ ತಿಳಿಯಿತು. ಅವಳಿಗೆ ಪೂರ್ತಿ ತಿಳಿಯಿತು. ಪಾಸಾದಳು, ಕಾಯಂ ಆದಳು. ಸಾಹೇಬ ಪೇಢೆ ಕೇಳಿದನಂತೆ. "ರೊಟ್ಟಿ ತಂದೀನಿ, ತಿನ್ರಿ" ಎಂದಳಂತೆ ಇವಳು.

ಮಗ ಸತ್ತ ಷೆಡ್ಡಿನಲ್ಲೇ ಈಗ ಸೊಸೆ ನಿಂತು ಸರಳು ಅಳೆಯುತ್ತಾಳೆ. ನಾನು ಬೇಡಿದ ದೊಡ್ಡದನ್ನು ತಾಯಿ ಕೊಡಲಿಲ್ಲ, ಚಿಕ್ಕದನ್ನು ಕೊಟ್ಟಳು. ಕೊಟ್ಟದ್ದನ್ನು ಇಲ್ಲ ಎನ್ನಲಾರೆ. ಅಂದು ನನ್ನ ಕೈ ಹಿಡಿದು ಅಕ್ಕಿ ಸುರಿಸಿದವಳು ಅವಳೇ. ಲೋಟವನ್ನು ಮಾತ್ರ ಮತ್ತೆ ತೆಗೆದಿಲ್ಲ. ಶುಕ್ರವಾರ ತಟ್ಟೆಯಲ್ಲೇ ಇಡುತ್ತೇನೆ. ನೋಡಿದವರಿಗೆ ಕಡಿಮೆ ಕಾಣುತ್ತದೆ. ಲೋಟದಲ್ಲಿದ್ದಷ್ಟೇ ಇದೆ ಎಂದು ತಾಯಿಗೆ ಗೊತ್ತು.