ಅರ್ಧ ನೂಲಿನ ಮಿಸ್ತ್ರಿ

ವಾಡಿ ಸ್ಟೇಷನ್ನಿನ ಎದುರು, ಬೆಳಗಿನ ಗಾಡಿಯಿಂದ ಇಳಿದ ಜನವೆಲ್ಲ ನೋಡುತ್ತಿರುವಾಗ, ರೇವಣಸಿದ್ದಯ್ಯನವರ ಧೋತರವನ್ನು ಒಂದು ಲಾರಿ ಬಿಚ್ಚಿಹಾಕಿತು.

ಲಾರಿ ನಿಂತಲ್ಲೇ ನಿಂತಿತ್ತು. ತಿರುಗಿದ್ದು ಅದರ ಮೂತಿಗೆ ತೂರಿಸಿದ್ದ ಹ್ಯಾಂಡಲ್ಲು. ಮೋಟಾರ್ ಮಿಸ್ತ್ರಿ ರೇವಣಸಿದ್ದಯ್ಯನವರು ಎರಡೂ ಕೈ ಹಾಕಿ ಅದನ್ನು ಮೇಲಕ್ಕೆಳೆದರು. ಎಂಜಿನ್ನು ಒಮ್ಮೆ ಸೀನಿ ಹ್ಯಾಂಡಲ್ಲನ್ನು ಉಲ್ಟಾ ಒದೆಯಿತು. ಅದು ಹೋಗುವಾಗ ಧೋತರದ ಚುಂಗನ್ನೂ ಸುತ್ತಿಕೊಂಡು ಹೋಯಿತು. ಹಣೆಗೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಸೊಂಟದ ಕೆಳಗೆ ಪಟ್ಟಾಪಟ್ಟಿ ಚಡ್ಡಿ. ಇಷ್ಟು ವೇಷದಲ್ಲಿ ಅವರು ಶಾಂತವಾಗಿ ತಮ್ಮ ಸೊತ್ತನ್ನು ಬಿಡಿಸಿಕೊಳ್ಳತೊಡಗಿದರು.

“ಏನ್ರಿ ಅಯ್ಯನೋರ, ಲಾರಿಗಿ ಸೀರಿ ಉಡಸ್ಲಿಕತ್ತೀರೇನು?” ಎಂದ ಒಬ್ಬ ಟಾಂಗಾವಾಲಾ.

“ಥಂಡಿ ದಿನ ಅದಲ್ಲಪ್ಪ. ಅದಕ್ಕೂ ಹೊದಿಲಾಕ ಬೇಕು,” ಎಂದರು ಅಯ್ಯನವರು.

ಎಲ್ಲರೂ ನಕ್ಕರು, ಲಾರಿಯ ಮಾಲೀಕ ನಾಗೇಂದ್ರಪ್ಪನೊಬ್ಬನನ್ನು ಬಿಟ್ಟು. ಅವನು ಶಹಾಬಾದದ ಫರ್ಸಿ ಕಲ್ಲಿನ ವ್ಯಾಪಾರಿ. ವರ್ಷದ ಹಿಂದೆ, ಅಂದರೆ ಐವತ್ತೆರಡರಲ್ಲಿ, ಕಲ್ಲು ಸಾಗಿಸುವ ತನ್ನ ಬಂಡಿಗಳನ್ನೆಲ್ಲ ಎತ್ತುಗಳ ಸಮೇತ ಮಾರಿ, ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋಗಿದ್ದ ಈ ಲಾರಿಯನ್ನು ಕೊಂಡಿದ್ದ. ಬಂಡಿ ಮಾರಿ ಬಂಡೆ ಕೊಂಡ ಎಂದು ಊರು ಆಗಲೇ ಆಡಿಕೊಳ್ಳುತ್ತಿತ್ತು. ಈಗ ಚಿಂಚೋಳಿಯ ಹೊಸ ದವಾಖಾನೆಯ ನೆಲಕ್ಕೆ ಒಂದು ಲಾರಿ ಫರ್ಸಿ ಬರುವುದನ್ನು ಬಿಟ್ಟು ಅದರಾಚೆಯ ಸೋಮವಾರದೊಳಗೆ ಮುಟ್ಟಬೇಕು. ಮುಟ್ಟದಿದ್ದರೆ ಕೆಲಸ ಗುಲ್ಬರ್ಗದ ಇನ್ನೊಬ್ಬನ ಪಾಲು ಎಂದು ಓವರ್ಸಿಯರ್ ಪ್ರಹ್ಲಾದರಾಯರು ಖಡಾಖಂಡಿತ ಹೇಳಿದ್ದರು. ಸೋಮವಾರಕ್ಕೆ ಉಳಿದದ್ದು ಒಂಬತ್ತು ದಿನ.

ಮಿಸ್ತ್ರಿಯನ್ನು ಬೈದು ಹಗುರಾಗೋಣವೆಂದರೆ ಅದಕ್ಕೂ ಅಡ್ಡಿಯಿತ್ತು. ರೇವಣಸಿದ್ದಯ್ಯನವರು ಅವನ ಮನೆಯ ಅಯ್ಯನವರು. ಶ್ರಾವಣದ ಸೋಮವಾರಗಳಲ್ಲಿ ಯಾರ ಪಾದ ತೊಳೆದು ತಲೆಬಾಗುತ್ತಾನೋ ಅವರನ್ನೇ ಮಾರ್ಗಶಿರದಲ್ಲಿ ಬೈಯುವುದು ಹೇಗೆ? ಹೀಗಾಗಿ ಅವನ ಬೈಗುಳಕ್ಕೆಲ್ಲ ‘ರಿ’ ಹತ್ತಿ, ಖಾರವೇ ಇಳಿದುಹೋಗುತ್ತಿತ್ತು.

ದಬ್ಬಿಸಿ ಚಾಲೂ ಮಾಡಿ, ಅರ್ಧ ಲೋಡು ಹಾಕಿ, ಚಿತ್ತಾಪುರದ ದಾರಿಗೆ ಬಿಟ್ಟು ನೋಡಿದರು. ಸಣ್ಣದೊಂದು ಏರು ಬಂದದ್ದೇ ತಡ, ಬಾನೆಟ್ಟಿನೊಳಗೆ ಡಬ್ಬಿಯಲ್ಲಿ ಹರಳು ಹಾಕಿ ಕುಲುಕಿದಂತೆ ಟಕಟಕ ಶುರುವಾಯಿತು. ರೇಡಿಯೇಟರು ಕುದಿಯಿತು. ಲಾರಿ ನಿಂತಿತು. ಅದೇ ಏರನ್ನು ಒಂದು ಎತ್ತಿನ ಬಂಡಿ ಆರಾಮಾಗಿ ದಾಟಿಕೊಂಡು ಹೋಯಿತು. ನಾಗೇಂದ್ರಪ್ಪ ಆ ಎತ್ತುಗಳ ಗುರುತು ಹಿಡಿದ. ಅವು ಅವನೇ ಮಾರಿದವು.

“ಅಯ್ಯನೋರೆ, ಖರೇ ಹೇಳ್ರಿ. ಎಂಜಿನ್ ಬಿಚ್ಚಿ ಕಟ್ಟೂ ಮುಂದ ಮ್ಯಾಲಿನ ಮುಚ್ಚಳಕ್ಕ, ಆ ಹೆಡ್ಡಿಗಿ ಏನ್ ಮಾಡೀರಿ?”

“ಸೊಟ್ಟ ಆಗಿತ್ತು. ಶಹಾಬಾದದಾಗ ಮಷೀನಿಗಿ ಕೊಟ್ಟು ಸಪಾಟ ಮಾಡಿಸ್ದೆ.”

“ಎಷ್ಟು ತಗಸೀರಿ?”

“ಭಾಳ ಇಲ್ಲ. ಅರ್ಧ ನೂಲು,” ಎಂದವರು ತಮ್ಮ ಮಾತು ತಮಗೇ ಕೇಳಿಸಿದಂತೆ ಬಾನೆಟ್ಟಿನ ಕಡೆ ತಿರುಗಿದರು.

ನೂಲು ಕಲ್ಲಿನವರ ಅಳತೆ. ಎಂಟು ನೂಲು ಸೇರಿದರೆ ಒಂದು ಅಂಗುಲ. ರೇವಣಸಿದ್ದಯ್ಯನವರು ಇಪ್ಪತ್ತು ವರ್ಷ ಶಹಾಬಾದದ ಕಲ್ಲುಗಣಿಯಲ್ಲಿ ಫರ್ಸಿ ತಿಕ್ಕಿಸಿ, ಅಲ್ಲಿನ ನೀರೆತ್ತುವ ಎಂಜಿನ್ನಿನ ಸಂಗದಿಂದ ಮಿಸ್ತ್ರಿಯಾದವರು. ಕಲ್ಲಿನಲ್ಲಿ ಅರ್ಧ ನೂಲೆಂದರೆ ಊದಿದರೆ ಹಾರುವ ಧೂಳು. ಕೂದಲೆಳೆಯಷ್ಟು ತೆಗೆದರೆ ಸಾಕಾಗಿದ್ದ ಕಬ್ಬಿಣದಲ್ಲಿ ಅದು ಕೊರಳಿಗೆ ಬಂದಿತ್ತು. ನೂಲಿನ ತಪ್ಪಿಗೆ ಬೆಳಿಗ್ಗೆ ನೂಲಿನ ಧೋತರವೇ ದಂಡ ತೆತ್ತಿತ್ತು. ತೆಳುವಾದದ್ದು ಹೆಡ್ಡು, ಹೆಡ್ಡರಾದದ್ದು ಯಾರೆಂಬುದು ಇಬ್ಬರಿಗೂ ಗೊತ್ತಿತ್ತು.

“ನೋಡ್ರಿ ಸಾವ್ಕಾರ. ಈ ಎಂಜಿನ್ ಮಾಡ್ದವ ಆರು ಸೇರು ಗಾಳಿ ಒಂದು ಸೇರಿನ ಡಬ್ಬ್ಯಾಗ ಒತ್ತು ಅಂದಾನ. ನಾ ಡಬ್ಬಿನೇ ಸಣ್ಣದು ಮಾಡಿಟ್ಟೀನಿ. ಈಗ ಏಳು ಸೇರಿನ ಮ್ಯಾಲ ಒತ್ಲಿಕತ್ತದ. ನಮ್ಮ ಪೆಟ್ರೋಲ ಅಷ್ಟು ತಡಕೊಳ್ಳಂಗಿಲ್ಲ. ವ್ಯಾಳ್ಯಾ ಆಗೂಕಿಂತ ಮೊದ್ಲೇ ಸಿಡೀತದ. ಪಿಸ್ಟನ್ ಮ್ಯಾಲ ಬರ್ಲಿಕತ್ತಿರ್ತದ, ಇದು ಕೆಳಗ ದಬ್ಬತದ.”

“ಒತ್ತಿದಷ್ಟೂ ತಾಕತ್ತು ಅಂತ ನೀವೇ ಅಂದಿದ್ರಿ.”

“ಅಂದಿದ್ದೆ. ಪ್ರವಚನಕ್ಕ ಚಲೋ ಅದ ಆ ಮಾತು.”

ಹೊಸ ಹೆಡ್ಡು ಬೊಂಬಾಯಿಯಿಂದ ಬರಲು ತಿಂಗಳು ಬೇಕು. ಶಹಾಬಾದದ ಗುಜರಿ ವ್ಯಾಪಾರಿ ಅಬ್ದುಲ್ ಕರೀಮನ ಹತ್ತಿರ ಇದೇ ಜಾತಿಯ ಲಾರಿಯ ಒಂದು ಹೆಡ್ಡು ಸಿಕ್ಕಿತು, ಆದರೆ ಅದು ಸೀಳಿತ್ತು. ಸೀಳಿದ್ದೇ ಇರಲಿ, ಅಳತೆಗೆ ಸಾಕು ಎಂದರು ಅಯ್ಯನವರು.

ಮರುದಿನ ಅವರ ಅಂಗಳಕ್ಕೆ ಹೋದ ನಾಗೇಂದ್ರಪ್ಪನಿಗೆ ಕಂಡದ್ದು ಎಂಜಿನ್ ರಿಪೇರಿಯಂತಿರಲಿಲ್ಲ. ಒಂದು ದೊಡ್ಡ ನುಣುಪು ಫರ್ಸಿಯನ್ನು ಮಟ್ಟ ಹಿಡಿದು ಹಾಸಿದ್ದರು. ಅದರ ಮೇಲೆ ಎರಡೂ ಹೆಡ್ಡುಗಳು ಅಂಗಾತ ಮಲಗಿದ್ದವು. ಅಯ್ಯನವರು ದವಾಖಾನೆಯಿಂದ ತಂದ ಔನ್ಸಿನ ಗಾಜಿನಲ್ಲಿ ಸೀಮೆಎಣ್ಣೆ ಅಳೆದು, ರೋಗಿಗೆ ಔಷಧಿ ಕುಡಿಸುವವರಂತೆ ಹೆಡ್ಡಿನ ಒಂದೊಂದು ಕುಳಿಗೂ ಹೊಯ್ಯುತ್ತಿದ್ದರು. ಗುಜರಿಯ ಹೆಡ್ಡು ಕುಳಿಗೆ ನಾಲ್ಕು ಔನ್ಸಿನ ಮೇಲೆ ಎರಡು ಗೆರೆ ಕುಡಿಯಿತು. ತಮ್ಮ ಹೆಡ್ಡು ಮೂರೂವರೆಗೇ ಸಾಕೆಂದಿತು.

“ತಗದದ್ದು ತಿರುಗಿ ಹಚ್ಚಲಾಕ ಬರಂಗಿಲ್ಲ. ಹೆಡ್ಡಿನ ಕೆಳಗ ತಗಡು ಕೊಟ್ಟು ಎತ್ತರಸ್ಬೇಕು. ತಾಮ್ರದ್ದೇ ಆಗ್ಬೇಕು. ಮೆತ್ತಗ ಕುಂದರ್ತದ, ಬೆಂಕಿಗಿ ಅಂಜಂಗಿಲ್ಲ.”

“ತಾಮ್ರ ಎಲ್ಲದ?”

ಅಯ್ಯನವರು ಬಚ್ಚಲ ಕಡೆ ನೋಡಿದರು. ಅಲ್ಲಿ ಒಲೆಯ ಮೇಲೆ, ಹೆಂಡತಿ ಶರಣಬಸಮ್ಮನವರ ತವರಿನಿಂದ ಬಂದ ಜಳಕದ ಹಂಡೆ ಹಬೆಯಾಡುತ್ತಿತ್ತು. ಬಾಗಿಲಲ್ಲೇ ನಿಂತಿದ್ದ ಶರಣಬಸಮ್ಮನವರೂ ಆ ನೋಟವನ್ನು ಹಿಂಬಾಲಿಸಿದರು.

“ನಮ್ಮಪ್ಪ ಅದನ್ನ ಲಾರಿಗಿ ಅಂತ ಕೊಟ್ಟಿದ್ದಿಲ್ಲ,” ಎಂದರು ಆಕೆ.

“ಅಳಿಯನಿಗಿ ಅಂತ ಕೊಟ್ಟಿದ್ನಲ್ಲ.”

“ಒಯ್ರಿ. ಆದ್ರ ಪೂಜಿಗಿ ಮುಂಚೆ ಜಳಕ ತಪ್ಪಂಗಿಲ್ಲ, ನೆನಪಿರ್ಲಿ. ಎಂಜಿನ್ನೂ ನಿಮ್ದು, ತಣ್ಣೀರೂ ನಿಮ್ದು.”

“ಅವ್ವಾರೆ, ಗಾಡಿ ಚಿಂಚೋಳಿ ಮುಟ್ಟಿದ್ರ ಹೊಸ ಹಂಡೆ ನಂದು,” ಎಂದ ನಾಗೇಂದ್ರಪ್ಪ.

“ಮುಟ್ಟಲಿಲ್ಲಂದ್ರ?”

ಅವನು ತಲೆಯ ಪಟಗಾ ಸರಿಮಾಡಿಕೊಂಡ.

ಹಂಡೆ ಸೀಳಿ ತಗಡಾಯಿತು. ಕತ್ತರಿಸಿದ ಎರಡು ತಗಡುಗಳನ್ನು ಅಯ್ಯನವರು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿದರು. ಆಮೇಲೆ ಫರ್ಸಿಯ ಮೇಲೆ ಹಾಕಿ, ಗಣಿಯಲ್ಲಿ ಕಲ್ಲು ತಿಕ್ಕಿದ ಕೈಯಿಂದಲೇ ತಿಕ್ಕಿದರು. ಕಲ್ಲಿನ ಕಣ್ಣು ಅವರ ಮರ್ಯಾದೆ ಕಳೆದಿತ್ತು. ಕಲ್ಲಿನ ಕೈ ಅದನ್ನು ಮರಳಿ ತರಲು ಹೊರಟಿತ್ತು. ಆ ವಾರವೆಲ್ಲ ನಾಗೇಂದ್ರಪ್ಪ ಹೋದಾಗಲೊಮ್ಮೆ ಅವರು ಒದ್ದೆ ತಲೆಯಲ್ಲಿ ತಿಕ್ಕುತ್ತಿದ್ದರು, ನಡುನಡುವೆ ಸೀನುತ್ತಿದ್ದರು. ಶುಕ್ರವಾರ ತಗಡುಗಳನ್ನು ಹೆಡ್ಡಿನ ಮೇಲಿಟ್ಟು, ಅಂಚಿಗೆ ಗ್ರೀಸು ಬಳಿದು, ಮತ್ತೆ ಸೀಮೆಎಣ್ಣೆ ಹೊಯ್ದರು.

“ನಾಲ್ಕು ಔನ್ಸು, ಒಂದು ಗೆರೆ.”

“ಎರಡು ಗೆರೆ ಬರಬೇಕಿತ್ತಲ್ರಿ.”

“ಇನ್ನೊಂದು ಗೆರಿ ಚಿಂಚೋಳಿ ಏರಿಗಿ ಇರ್ಲಿ. ಅಷ್ಟು ಒತ್ತಿದ್ರ ಪೆಟ್ರೋಲ ಸಿಟ್ಟಾಗಂಗಿಲ್ಲ, ಗಾಡಿಗಿ ಹುರುಪು ಬರ್ತದ.”

ಭಾನುವಾರ ಬೆಳಿಗ್ಗೆ ಡ್ರೈವರ್ ಗುಲಾಮ್ ರಸೂಲ್ ಹ್ಯಾಂಡಲ್ಲು ತೂರಿಸಿದ. ಟಾಂಗಾದವರೆಲ್ಲ ಧೋತರ ನೋಡಲು ನೆರೆದಿದ್ದರು. ಎಂಜಿನ್ನು ಅರ್ಧ ಸುತ್ತಿಗೇ ಹಿಡಿಯಿತು, ಒದೆಯಲಿಲ್ಲ. ಜನ ನಿರಾಸೆಯಿಂದ ಚದುರಿದರು. ಪೂರ್ತಿ ಲೋಡು ಹೊತ್ತ ಲಾರಿ ಚಿತ್ತಾಪುರದ ಏರನ್ನು ಏರೆಂದು ಲೆಕ್ಕಕ್ಕೇ ಹಿಡಿಯಲಿಲ್ಲ.

ಸೇಡಮ್ಮಿನಲ್ಲಿ ಪ್ರಹ್ಲಾದರಾಯರು ಹತ್ತಿದರು. ದಾರಿಯಲ್ಲೇ ಲಾರಿ ಕೈಕೊಟ್ಟರೆ ಅಲ್ಲೇ ಕೆಲಸ ರದ್ದಿನ ಕಾಗದ ಬರೆಯುವ ತಯಾರಿಯಲ್ಲಿ ಪೆನ್ನಿನ ಟೋಪಿ ತೆಗೆದೇ ಕುಳಿತರು. ಚಿಂಚೋಳಿಯ ಗುಡ್ಡ ಬಂತು. ರೇವಣಸಿದ್ದಯ್ಯನವರು ಕ್ಯಾಬಿನ್ನಿನಿಂದ ಇಳಿದು ಮಡ್‌ಗಾರ್ಡಿನ ಮೇಲೆ ಕುಳಿತರು. ತಲೆ ವಾಲಿಸಿ, ಎಡಗಿವಿಯನ್ನು ಬಾನೆಟ್ಟಿಗೆ ಹಚ್ಚಿ, ಕಣ್ಣು ಮುಚ್ಚಿದರು.

ಒಳಗೆ ಕುಳಿತ ನಾಗೇಂದ್ರಪ್ಪನ ಜೀವವೆಲ್ಲ ಆ ಮುಖದಲ್ಲಿತ್ತು. ಹರಳಿನ ಸದ್ದು ಬಂದರೆ ಮೊದಲು ಅಲ್ಲಿ ತಿಳಿಯುತ್ತದೆ. ಮೊದಲ ತಿರುವು ದಾಟಿತು. ಆ ಮುಖ ಅಲುಗಲಿಲ್ಲ. ಎರಡನೆಯದು ಕಡಿದಾಗಿತ್ತು, ಗುಲಾಮ್ ರಸೂಲ್ ಗೇರು ಇಳಿಸಿದ, ಎಂಜಿನ್ನು ದನಿ ಇಳಿಸಲಿಲ್ಲ. ಅಯ್ಯನವರ ಮುಖದಲ್ಲಿ ಪೂಜೆಗೆ ಕೂತಾಗಲೂ ಕಾಣದ ಒಂದು ಸಮಾಧಾನ ಹರಡಿತ್ತು. ಲಾರಿ ಒಂದೂ ಫರ್ಸಿ ಇಳಿಸದೆ, ಒಂದು ಹನಿ ನೀರು ಕುದಿಸದೆ ಗುಡ್ಡದ ತಲೆ ಮುಟ್ಟಿತು. ಪ್ರಹ್ಲಾದರಾಯರು ಪೆನ್ನಿಗೆ ಟೋಪಿ ಹಾಕಿದರು. ನಾಗೇಂದ್ರಪ್ಪ ಮುಖ ತಿರುಗಿಸಿ ಪಟಗಾದ ಸೆರಗಿನಿಂದ ಕಣ್ಣೊರೆಸಿಕೊಂಡು, ಧೂಳು ಭಾಳ ಅದ ಎಂದ.

ಚಿಂಚೋಳಿಯಲ್ಲಿ ಕಲ್ಲು ಇಳಿಸುವಾಗ ಅರ್ಧ ಊರು ಸೇರಿತ್ತು. ಯಾರೋ ಮಿಸ್ತ್ರಿಗೂ ಲಾರಿಗೂ ಹೂವಿನ ಹಾರ ಹಾಕಿದರು. ಮುಂದಿನ ಹತ್ತು ಲೋಡೂ ನಾಗೇಂದ್ರಪ್ಪನದೇ ಎಂದು ಪ್ರಹ್ಲಾದರಾಯರು ಎಲ್ಲರೆದುರು ಸಾರಿ, ನೆರೆದವರ ಕಡೆ ತಿರುಗಿದರು.

“ವೈದ್ಯರು ನಾಡಿ ನೋಡ್ತಾರಲ್ಲ, ಹಂಗ ಈ ಅಯ್ಯನವರು ಗುಡ್ಡ ಏರೂತನಾ ಎಂಜಿನ್ನಿಗೆ ಕಿವಿ ಕೊಟ್ಟು ಕೂತಿದ್ರು. ಇಂಥಾ ಏಕಾಗ್ರತಾ ನಾ ಕಂಡಿಲ್ಲ. ಹೇಳ್ರಿ ಅಯ್ಯನವರೆ, ಏನು ಕೇಳಿಸ್ತು?”

ಅಯ್ಯನವರು ಬಲಗಿವಿಯನ್ನು ಅವರತ್ತ ತಿರುಗಿಸಿದರು.

“ಏನೂ ಕೇಳಿಸ್ಲಿಲ್ರಿ. ವಾರದಿಂದ ತಣ್ಣೀರ ಜಳಕ ಮಾಡಿ ಈ ಕಿವಿ ಬಂದ್ ಆಗ್ಯದ. ಬಾನೆಟ್ ಬೆಚ್ಚಗಿತ್ತು, ಹಚ್ಕೊಂಡು ಕುಂತಿದ್ದೆ.”