ಗೋಲ್ ಲೈನಿನ ಸುಣ್ಣ

ಲಾಂಡ್ರಿ ಅತ್ತೆ ಜೀವಮಾನದಲ್ಲಿ ಒಂದೇ ಒಂದು ಫುಟ್‌ಬಾಲ್ ಮ್ಯಾಚನ್ನೂ ಪೂರ್ತಿ ಕೂತು ನೋಡಿದವರಲ್ಲ. ಆದರೂ ಮೈದಾನದಲ್ಲಿ ಯಾರು ಓಡಿದರು, ಯಾರು ಓಡಿದಂತೆ ಮಾಡಿದರು, ಯಾರು ನಿಜವಾಗಿ ಬಿದ್ದರು, ಯಾರು ರೆಫರಿಗೆ ಕಾಣಲಿ ಅಂತಲೇ ಬಿದ್ದರು, ಇದೆಲ್ಲ ಸೋಮವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಹೇಗೆಂದರೆ, ಕ್ಲಬ್ಬಿನ ಶರ್ಟುಗಳೆಲ್ಲ ಒಂದು ದೊಡ್ಡ ಚೀಲದಲ್ಲಿ ಅವರ ಅಂಗಡಿಗೆ ಬರುತ್ತಿದ್ದವು. ಅತ್ತೆ ಚೀಲ ಬಿಚ್ಚಿ ಒಂದೊಂದನ್ನೇ ಎತ್ತಿ, ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿಯುತ್ತಿದ್ದರು.

"ಏಳನೇ ನಂಬರಿನವನು ನಿನ್ನೆ ಜಗಳ ಆಡಿದಾನೆ, ಕಾಲರ್ ನೋಡಿ. ಮೂರನೇ ನಂಬರು ಪಾಪ, ಭುಜ ಮತ್ತೆ ಹರಿದಿದೆ. ಒಂಬತ್ತನೇ ನಂಬರು ಫೋಟೋ ತೆಗೆಸ್ಕೊಳ್ಳೋಕೆ ಹೋಗಿದ್ದ ಹಾಗಿದೆ, ಇದನ್ನ ಒಗೆಯೋದೇ ಬೇಡ, ಇಸ್ತ್ರಿ ಸಾಕು!"

ಅಂಗಡಿ ಮೈದಾನದ ಹಿಂದಿನ ರಸ್ತೆಯಲ್ಲಿತ್ತು. ಅಪ್ಪನಿಂದ ಬಂದದ್ದು. ಮುಂದೆ ಕೌಂಟರು, ಪಕ್ಕದಲ್ಲಿ ಇಸ್ತ್ರಿ ಮೇಜು, ಒಳಗೆ ಎರಡು ವಾಷಿಂಗ್ ಮೆಷೀನು. ಅದರಲ್ಲೊಂದು ತಿರುಗಲು ಶುರುಮಾಡಿದರೆ ಕುಣಿಯುತ್ತಾ ಬಾಗಿಲವರೆಗೂ ಬಂದುಬಿಡುತ್ತಿತ್ತು. ಅದರ ಮೇಲೆ ಒಬ್ಬರು ಕೂರಲೇಬೇಕು. ಹಾಗೆ ಕೂರುವ ಕೆಲಸ ಅವರ ಗಂಡನದು. ಅಂದರೆ ರಿಸರ್ವ್ ಮಾವನದು.

ರಿಸರ್ವ್ ಮಾವ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ವಾರವಿಡೀ ಊರಿನವರನ್ನೆಲ್ಲ ಮೇಲಕ್ಕೆ ಹತ್ತಿಸಿದ ಪುಣ್ಯಾತ್ಮರಿಗೆ ಭಾನುವಾರ ಬೆಂಚಿನಿಂದ ಮೇಲೇಳುವ ಯೋಗ ಮಾತ್ರ ಬರಲಿಲ್ಲ. ಹನ್ನೊಂದು ವರ್ಷ ಕ್ಲಬ್ಬಿನ ಎರಡನೇ ಗೋಲ್‌ಕೀಪರ್. ಮೊದಲನೇ ಗೋಲ್‌ಕೀಪರ್ ಎಂಥ ಗಟ್ಟಿ ಆಸಾಮಿ ಅಂದರೆ, ಹನ್ನೊಂದು ವರ್ಷದಲ್ಲಿ ಆತನಿಗೆ ಒಂದು ನೆಗಡಿಯೂ ಆಗಲಿಲ್ಲ. ಮಾವ ಚೆಂಡಿಗೆ ಗಾಳಿ ತುಂಬಿದರು, ಬಲೆ ಕಟ್ಟಿದರು, ನೀರು ಕೊಟ್ಟರು, ಉಳುಕಿದ ಕಾಲುಗಳಿಗೆಲ್ಲ ಎಣ್ಣೆ ತಿಕ್ಕಿದರು. ಆಡಲಿಲ್ಲ.

ಅಲ್ಲ, ಒಂದು ಸಲ ಆಡಿದ್ದರು. ಅವರ ಪ್ರಕಾರ.

ಅದು ಮೂವತ್ತೆರಡು ವರ್ಷದ ಹಿಂದಿನ ಮಾತು. ಮದುವೆಗೆ ಇನ್ನೊಂದು ತಿಂಗಳಿತ್ತು. ಅತ್ತೆ ಆಗ ಅಪ್ಪನ ಅಂಗಡಿಯ ಕೌಂಟರಿನಲ್ಲಿ ಕೂರುತ್ತಿದ್ದ ಹುಡುಗಿ. ಒಂದು ಭಾನುವಾರ ಧೋ ಅಂತ ಮಳೆ ಸುರಿದು ನಿಂತಿತ್ತು. ಎಲ್ಲರ ಶರ್ಟೂ ಸೋಮವಾರ ಚೀಲದಲ್ಲಿ ಬರಬೇಕಾದದ್ದು, ಇವರೊಬ್ಬರು ಮಾತ್ರ ಅವತ್ತೇ ಸಂಜೆ, ಶರ್ಟನ್ನು ಎರಡೂ ಕೈಯಲ್ಲಿ ಗೆದ್ದ ಕಪ್ಪಿನ ಹಾಗೆ ಹಿಡಿದು ತಂದು, "ಸೆಕೆಂಡ್ ಹಾಫ್ ಪೂರ್ತಿ ನಾನೇ ನಿಂತಿದ್ದೆ. ಸ್ವಲ್ಪ ಕೆಸರಾಗಿದೆ," ಅಂತ ಕೌಂಟರಿನ ಮೇಲಿಟ್ಟರು. ಹುಡುಗಿ ಮೆಚ್ಚಿ ನಕ್ಕಳು. ಶರ್ಟು ನೆನೆಸಿದಳು. ಹತ್ತೇ ನಿಮಿಷದಲ್ಲಿ ಗುಟ್ಟು ರಟ್ಟಾಯಿತು.

ಗೋಲ್‌ಕೀಪರ್ ಬಿದ್ದರೆ ಪಕ್ಕಕ್ಕೆ ಬೀಳುತ್ತಾನೆ, ಕೆಸರು ಮೊಣಕೈಗೆ, ಸೊಂಟಕ್ಕೆ ಹತ್ತುತ್ತದೆ. ಇಲ್ಲಿ ಎದೆಯಿಂದ ಹೊಟ್ಟೆಯವರೆಗೂ ಗೋಡೆಗೆ ಗಾರೆ ಮೆತ್ತಿದ ಹಾಗೆ ಒಂದೇ ಸಮ. ಅದೂ ಹೋಗಲಿ. ಗೋಲ್ ಲೈನಿಗೆ ಸುಣ್ಣದ ಪುಡಿ ಹಾಕಿರುತ್ತಾರೆ. ಅಲ್ಲಿ ನಿಂತವನ ಶರ್ಟು ನೆನೆಸಿದರೆ ನೀರು ಹಾಲಿನ ಹಾಗೆ ತಿರುಗಿ, ಬಕೆಟ್ಟಿನ ತಳದಲ್ಲಿ ಬಿಳಿ ಪುಡಿ ಕೂರಲೇಬೇಕು. ಇವರ ಬಕೆಟ್ಟಿನಲ್ಲಿ ಬರೀ ಕೆಂಪು ನೀರು. ಆ ಕೆಂಪು ಮಣ್ಣು ಇದ್ದದ್ದು ಒಂದೇ ಕಡೆ, ಡ್ರೆಸ್ಸಿಂಗ್ ರೂಮಿನ ಹಿಂದಿನ ನಲ್ಲಿ ಹತ್ತಿರ.

ಮದುವೆಯಾಗುವ ಗಂಡು ನಲ್ಲಿ ಹತ್ತಿರ ಅಂಗಾತ ಅಲ್ಲ, ಬೋರಲು ಬಿದ್ದು ಹೊರಳಾಡಿದ್ದ. ಹುಡುಗಿ ಯಾರಿಗೂ ಹೇಳಲಿಲ್ಲ. ಅವನಿಗೂ.

ಇಷ್ಟು ವರ್ಷ ಆ ಸೆಕೆಂಡ್ ಹಾಫ್ ಮನೆಯಲ್ಲಿ ಬೆಳೆಯುತ್ತಲೇ ಹೋಯಿತು. ಮೊದಲು ಎರಡು ಗೋಲು ತಡೆದಿದ್ದರು, ಮಗಳು ಹುಟ್ಟುವ ಹೊತ್ತಿಗೆ ಐದಾಗಿತ್ತು, ಮಗಳ ಮದುವೆ ಹೊತ್ತಿಗೆ ಅದರಲ್ಲೊಂದು ಪೆನಾಲ್ಟಿ. ಅತ್ತೆ ಪ್ರತಿ ಸಲವೂ "ಹೌದಾ?" ಅನ್ನುತ್ತಿದ್ದರು.

ಹೀಗಿರುವಾಗ ಕ್ಲಬ್ಬಿಗೆ ಅರವತ್ತು ತುಂಬಿತು, ಸೆಕ್ರೆಟರಿ ಆಗಿದ್ದ ಹಲ್ಲಿನ ಡಾಕ್ಟರಿಗೆ ಹಾಲ್ ಆಫ್ ಫೇಮ್ ಮಾಡುವ ಹುಚ್ಚು ಹತ್ತಿತು. ಹಾಲ್ ಅಂತ ಹೆಸರಷ್ಟೇ, ಅದು ಡ್ರೆಸ್ಸಿಂಗ್ ರೂಮಿನಿಂದ ಬಾತ್‌ರೂಮಿಗೆ ಹೋಗುವ ಕಾರಿಡಾರು. ಗೋಡೆಗೆ ಹನ್ನೊಂದು ಮೊಳೆ, ಹತ್ತು ಫೋಟೋ. ಹತ್ತರ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಹನ್ನೊಂದನೆಯ ಮೊಳೆಗೆ ಮಾತ್ರ ಆರು ಜನರ ಕಮಿಟಿ ಮೂರು ಹೋಳಾಯಿತು. ಇಬ್ಬರು ಬಾಚಣಿಗೆ ಅಂತಲೇ ಹೆಸರಾದ ಒಂಬತ್ತನೇ ನಂಬರಿನವನ ಪರ, ಆತ ಚಡ್ಡಿಯ ಹಿಂಜೇಬಿನಲ್ಲಿ ಸದಾ ಬಾಚಣಿಗೆ ಇಟ್ಟುಕೊಂಡೇ ಅರವತ್ತನಾಲ್ಕು ಗೋಲು ಹೊಡೆದವನು. ಇಬ್ಬರು ಮೂರನೇ ನಂಬರಿನ ಪೋಸ್ಟ್‌ಮ್ಯಾನ್ ಪರ, ಹದಿನಾರು ವರ್ಷ ಎಡಗಡೆ ಡಿಫೆನ್ಸಿನಲ್ಲಿ ನಿಂತವರು. ಇನ್ನಿಬ್ಬರು, ಯಾರೂ ಊಹಿಸದ ಹಾಗೆ, ಸೇವೆ ನೋಡಬೇಕು ಅಂತ ರಿಸರ್ವ್ ಮಾವನ ಹೆಸರೆತ್ತಿದರು.

ಹಲ್ಲಿನ ಡಾಕ್ಟರು ಅಂಗಡಿಗೆ ಬಂದು ಕೌಂಟರಿಗೆ ಒರಗಿ ನಿಂತರು.

"ಅತ್ತೆ, ಏಳನೇ ವೋಟು ನೀವು ಹಾಕ್ಬೇಕು. ಮೂವತ್ತು ವರ್ಷ ಎಲ್ಲರನ್ನೂ ನೋಡಿರೋರು ನೀವೊಬ್ರೇ."

"ನಾನು ಶರ್ಟು ನೋಡಿದೀನಿ ಡಾಕ್ಟ್ರೇ, ಆಟ ಅಲ್ಲ."

"ಅದೇ ಬೇಕಾಗಿರೋದು. ಶರ್ಟು ಭಾಷಣ ಮಾಡಲ್ಲ ನೋಡಿ."

ಒಳಗೆ ಕುಣಿಯುವ ಮೆಷೀನಿನ ಮೇಲೆ ಕೂತು ಅದರ ಜೊತೆಗೇ ಗಡಗಡ ನಡುಗುತ್ತಿದ್ದ ಮಾವ, ಮೈಯೆಲ್ಲ ಕಿವಿಯಾಗಿದ್ದರು.

ಆ ವಾರ ಅತ್ತೆಗೆ ರಾಜಯೋಗ! ಬೆಳಗ್ಗೆ ಏಳುವಷ್ಟರಲ್ಲಿ ಕಾಫಿ ರೆಡಿ, ಒಣಗಿದ ಬಟ್ಟೆ ಮಡಚಿ ರೆಡಿ, ವರ್ಷದಿಂದ ತೊಟ್ಟಿಕ್ಕುತ್ತಿದ್ದ ಹಿತ್ತಲಿನ ನಲ್ಲಿಗೆ ಹೊಸ ವಾಷರು. ಮಾವ ಮೆಲ್ಲಗೆ, "ನೋಡೇ, ನಾನೇನು ಕೇಳ್ತಿಲ್ಲ. ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು," ಅನ್ನುತ್ತಿದ್ದರು, ದಿನಕ್ಕೆ ನಾಲ್ಕು ಸಲ.

"ಮನಸ್ಸಿಗೆ ಬಂದ ಹಾಗೇ ಮಾಡ್ತೀನಿ ರೀ. ಆ ಮೇಲಿನ ಫ್ಯಾನೂ ಸ್ವಲ್ಪ ಒರೆಸಿಬಿಡಿ."

ಫ್ಯಾನು ಒರೆಸಲು ಸ್ಟೂಲಿನ ಮೇಲೆ ಹತ್ತಿದ ಮಾವ ಅಲ್ಲಿಂದಲೇ, ಮುಖ ಆ ಕಡೆ ತಿರುಗಿಸಿಕೊಂಡೇ ಅಂದರು, "ಆ ಗೋಡೇಲಿರೋ ಹತ್ತು ಜನಕ್ಕೂ ನಾನು ಎಣ್ಣೆ ತಿಕ್ಕಿದೀನಿ ಕಣೇ. ಒಬ್ಬೊಬ್ಬರ ಕಾಲೂ ನಂಗೆ ಗೊತ್ತು. ಅವರ ಪಕ್ಕದಲ್ಲಿ ಒಂದು ಮೂಲೇಲಿ ನಾನೂ ಇದ್ರೆ ಏನು ಗಂಟು ಹೋಗುತ್ತೆ?"

ಅತ್ತೆ ಬಂದು ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಶನಿವಾರ ಸಂಜೆ ಮೀಟಿಂಗು. ಕ್ಲಬ್ ರೂಮಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದಕ್ಕೆ ಕಾಲು ಸೊಟ್ಟ. ಮೂವರು ಅಭ್ಯರ್ಥಿಗಳೂ ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಬೆಂಚು ಮಾವನಿಗೆ ಹಳೇ ಅಭ್ಯಾಸ, ಉಳಿದಿಬ್ಬರು ಪಾಪ ಹೇಗೆ ಕೂರಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು.

ಕಮಿಟಿಯಲ್ಲಿದ್ದ ಬೇಕರಿಯವನು ಮೊದಲು ಎದ್ದ. "ಅರವತ್ತನಾಲ್ಕು ಗೋಲು ಸ್ವಾಮಿ! ಅರವತ್ತನಾಲ್ಕು! ಇನ್ನೇನು ಬೇಕು? ಬಾಚಣಿಗೆ ಇಲ್ದಿದ್ರೆ ನಾವು ಯಾವ ಕಪ್ಪು ಗೆಲ್ತಿದ್ವಿ?"

"ಗೋಲು ಹೊಡೆದ, ಸರಿ," ಅಂದರು ಕಮಿಟಿಯ ಇನ್ನೊಬ್ಬರು, ಡ್ರಾಯಿಂಗ್ ಮೇಷ್ಟ್ರು. "ಹೊಡೆದು ಕ್ರಾಪು ಸರಿಮಾಡ್ಕೊಂಡು ಅಲ್ಲೇ ನಿಂತ್ಬಿಡ್ತಿದ್ದ. ಹಿಂದಕ್ಕೆ ಓಡಿ ಬರ್ತಿದ್ನಾ? ಪೋಸ್ಟ್‌ಮ್ಯಾನು ತಡೆದ ಗೋಲುಗಳನ್ನ ಯಾರು ಎಣಿಸಿದಾರೆ?"

"ತಡೆದಿದ್ದನ್ನ ಎಣಿಸೋಕೆ ಆಗುತ್ತಾ ಮೇಷ್ಟ್ರೇ? ಹಾಗಾದ್ರೆ ನಾನು ಸುಡದೇ ಇರೋ ಬ್ರೆಡ್ಡನ್ನೂ ಎಣಿಸಿ!"

"ನೀನು ಸುಟ್ಟಿದ್ದೇ ಎಣಿಸೋಕಾಗ್ತಿಲ್ಲ, ಕೂತ್ಕೋ."

ಬಾಚಣಿಗೆ ಬೆಂಚಿನಿಂದಲೇ, "ನಾನು ಹಿಂದಕ್ಕೆ ಬಂದಿದ್ರೆ ಮುಂದೆ ಯಾರಿರ್ತಿದ್ರು ಹೇಳಿ?" ಅಂದು, ತಲೆ ಮೇಲೆ ಉಳಿದಿದ್ದ ನಾಲ್ಕು ಕೂದಲನ್ನು ಬಾಚಿಕೊಂಡ.

ಎಲ್ಲರೂ ನಕ್ಕು ಮುಗಿದ ಮೇಲೆ ಹಲ್ಲಿನ ಡಾಕ್ಟರು ಕನ್ನಡಕ ಏರಿಸಿದರು. "ಮಾವನ ವಿಷಯ. ಸೇವೆ ಬಗ್ಗೆ ಎರಡು ಮಾತಿಲ್ಲ. ಆದ್ರೆ ರೂಲ್ ಒಂದಿದೆ, ಒಂದು ಮ್ಯಾಚಾದ್ರೂ ಮೈದಾನಕ್ಕಿಳಿದು ಆಡಿರ್ಬೇಕು. ಮಾವ, ಆಡಿದೀರಾ?"

ಮಾವ ಎದ್ದು ನಿಂತರು. ಮನೆಯಲ್ಲಿ ಪೆನಾಲ್ಟಿ ತಡೆಯುವ ಗಂಡಸು ಇಲ್ಲಿ ಬೆಂಚಿನ ತುದಿ ಹಿಡಿದುಕೊಂಡಿದ್ದರು. ಹೆಂಡತಿ ಎದುರಿಗೇ ಕೂತಿದ್ದಾಳೆ. ಇಲ್ಲ ಅಂದರೆ ಮೂವತ್ತೆರಡು ವರ್ಷ ಅವಳಿಗೆ ಹೇಳಿದ್ದು ಸುಳ್ಳಾಗುತ್ತದೆ. ಹೌದು ಅಂದರೆ ಬೆಂಚಿನಲ್ಲಿ ಪಕ್ಕಕ್ಕೇ ಕೂತ ಪೋಸ್ಟ್‌ಮ್ಯಾನಿಗೆ ಗೊತ್ತು.

"ಒಂದ್ಸಲ... ಆ ದೊಡ್ಡ ಮಳೆ ಬಂತಲ್ಲ, ಆ ಭಾನುವಾರ... ಸೆಕೆಂಡ್ ಹಾಫು," ಅಂದರು ಮಾವ, ತಮಗೇ ಕೇಳಿಸದ ಹಾಗೆ.

ಡಾಕ್ಟರು ಸ್ಕೋರ್ ಪುಸ್ತಕ ತೆಗೆದರು. ಆ ವರ್ಷದ ಹಾಳೆಗಳ ಮೇಲೆ ಚಾವಣಿ ಸೋರಿ, ಇಂಕೆಲ್ಲ ಕಲಸಿ ನೀಲಿ ಮೋಡವಾಗಿತ್ತು. "ಪೋಸ್ಟ್‌ಮ್ಯಾನ್, ನೀವು ಅವತ್ತು ಆಡಿದ್ರಲ್ಲ. ಗೋಲಲ್ಲಿ ಯಾರಿದ್ರು?"

ಪೋಸ್ಟ್‌ಮ್ಯಾನ್ ಒಂದು ಸಲ ಮಾವನನ್ನು ನೋಡಿದರು. ನಿಜ ಹೇಳಿದರೆ ಒಬ್ಬ ಎದುರಾಳಿ ಅಲ್ಲೇ ಕಡಿಮೆಯಾಗುತ್ತಿದ್ದ. "ಆ ಮಳೇಲಿ ಯಾರ ಮುಖ ಕಾಣ್ತಿತ್ತು ಡಾಕ್ಟ್ರೇ? ನಾನು ಮುಂದಕ್ಕೆ ನೋಡ್ಕೊಂಡಿದ್ದೆ," ಅಂದುಬಿಟ್ಟರು.

ಇದನ್ನು ಅತ್ತೆ ಗಮನಿಸಿದರು.

"ಹಾಗಾದ್ರೆ ಅತ್ತೆನೇ ಹೇಳ್ಬೇಕು. ಆ ಶರ್ಟು ಒಗೆದಿದ್ದು ನೀವೇ ತಾನೆ?"

ಎಲ್ಲರೂ ತಿರುಗಿದರು. ಅತ್ತೆಯ ಮಾತಿಗೆ ಈ ಬೀದಿಯಲ್ಲಿ ಕೋರ್ಟಿನ ಬೆಲೆ. ಯಾವ ಕಲೆ ಹೋಗುತ್ತದೆ, ಯಾವುದು ಹೋಗಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಎಷ್ಟೋ ಮದುಮಗಳಂದಿರನ್ನು ಅಳಿಸಿದವರು, ಒಂದು ದಿನವೂ ಸುಳ್ಳು ಹೇಳಿದವರಲ್ಲ. ಗಂಡ ಎದುರಿಗೆ, ಸ್ಟೂಲಿನ ಮೇಲೆ ಆ ಕಡೆ ತಿರುಗಿಸಿಕೊಂಡಿದ್ದ ಮುಖವನ್ನು ಈಗ ಇತ್ತ ತಿರುಗಿಸಿ ನಿಂತಿದ್ದರು.

"ಹೂಂ, ನಾನೇ ಒಗೆದಿದ್ದು," ಅಂದರು ಅತ್ತೆ. "ಮೂರು ನೀರು ಹಿಡೀತು. ಅಷ್ಟು ಕೆಸರಾದ ಗೋಲ್‌ಕೀಪರ್ ಶರ್ಟು ಅದಕ್ಕೆ ಮುಂಚೆ ನಾನು ನೋಡಿರ್ಲಿಲ್ಲ, ಆಮೇಲೂ ನೋಡ್ಲಿಲ್ಲ."

ಒಂದಕ್ಷರ ಸುಳ್ಳಿಲ್ಲ! ಮಾವನ ಎದೆ ಎರಡಿಂಚು ಉಬ್ಬಿತು.

"ಆದ್ರೆ ನನ್ನ ವೋಟು ಪೋಸ್ಟ್‌ಮ್ಯಾನ್‌ಗೆ. ಎಡಗಡೆ ಭುಜ ನಾನು ಹದಿನೇಳು ಸಲ ಹೊಲಿದಿದೀನಿ. ಸೋತ ದಿನಾನೂ ಅವರ ಶರ್ಟಲ್ಲಿ ಗೆದ್ದ ದಿನದಷ್ಟೇ ಮಣ್ಣಿರ್ತಿತ್ತು. ಬಾಚಣಿಗೆ, ಬೇಜಾರು ಮಾಡ್ಕೋಬೇಡಪ್ಪ, ನಿನ್ನ ಶರ್ಟಿಗೆ ನಾನು ಸೋಪು ಉಳಿಸಿದ್ದೇ ಜಾಸ್ತಿ."

ಬಾಚಣಿಗೆಯೇ ಎಲ್ಲರಿಗಿಂತ ಜೋರಾಗಿ ನಕ್ಕ. ಮಾವನ ಎದೆ ಮಾತ್ರ ಮೆಲ್ಲಗೆ ಮೊದಲಿನ ಅಳತೆಗೆ ಬಂತು.

ಮನೆಗೆ ಹೋಗುವ ದಾರಿಯಲ್ಲಿ ಮಾವನ ತಕರಾರು ಶುರುವಾಯಿತು.

"ಅಷ್ಟು ಹೇಳಿ ವೋಟು ಮಾತ್ರ ಆ ಕಡೆ ಹಾಕಿದ್ಯಲ್ಲೇ!"

"ಸುಣ್ಣ ಇರ್ಲಿಲ್ಲ ರೀ."

"ಏನು?"

"ನಿಮ್ಮ ಶರ್ಟಲ್ಲಿ. ಗೋಲ್ ಲೈನಿನ ಸುಣ್ಣ ಇರ್ಲಿಲ್ಲ. ಬರೀ ನಲ್ಲಿ ಹತ್ತಿರದ ಮಣ್ಣು."

ಮಾವ ನಡುರಸ್ತೆಯಲ್ಲಿ ನಿಂತುಬಿಟ್ಟರು. ಹಿಂದಿನಿಂದ ಬಂದ ಸೈಕಲ್ಲಿನವನು ಬೆಲ್ ಹೊಡೆದು, ಬೈದು, ಸುತ್ತಿಕೊಂಡು ಹೋದ.

"ಯಾವಾಗ ಗೊತ್ತಾಯ್ತು?"

"ಅವತ್ತೇ."

"ಮದುವೆಗೆ ಮುಂಚೆನೇ? ಗೊತ್ತಿದ್ದೂ ಮದುವೆ ಆದ್ಯಾ?"

"ಗೊತ್ತಾಗಿದ್ದಕ್ಕೇ ಆದೆ. ನನ್ನ ಹತ್ರ ಒಳ್ಳೆ ಹೆಸರು ತಗೋಳ್ಳೋಕೆ ಕೆಸರಲ್ಲಿ ಹೊರಳಾಡಿದೋರು ಇನ್ಯಾರಿದ್ರು?" ಅತ್ತೆ ಮುಂದೆ ನಡೆದರು. "ಆದ್ರೆ ಆ ಪೆನಾಲ್ಟಿ ಸೇರಿಸಿದ್ರಲ್ಲ, ಅದು ಸ್ವಲ್ಪ ಜಾಸ್ತಿ ಆಯ್ತು."

ಮುಂದಿನ ಭಾನುವಾರ ಹನ್ನೊಂದನೆಯ ಮೊಳೆಗೆ ಫೋಟೋ ಏರಿತು. ಮೊಳೆ ನೇರವಾಗಿಲ್ಲ ಅಂತ ಕಿತ್ತು ಮತ್ತೆ ಹೊಡೆದದ್ದು ಮಾವನೇ. ಆಮೇಲೆ ಹಳಬರದೊಂದು ಮ್ಯಾಚು. ಮುಗಿಯಲು ಹತ್ತು ನಿಮಿಷವಿದ್ದಾಗ ಪೋಸ್ಟ್‌ಮ್ಯಾನ್ ಕೈಯೆತ್ತಿ ಆಟ ನಿಲ್ಲಿಸಿ, "ಇವತ್ತಿನ ಕ್ಯಾಪ್ಟನ್ ನಾನು. ಗೋಲ್‌ಕೀಪರ್ ಚೇಂಜ್!" ಅಂತ ಬೆಂಚಿನ ಕಡೆ ಬೆರಳು ತೋರಿಸಿದರು. ಮಾವ ಹಿಂದೆ ತಿರುಗಿ ನೋಡಿದರು, ಇನ್ಯಾರನ್ನೋ ಕರೆದಿರಬೇಕು ಅಂತ. ಹಿಂದೆ ಗೋಡೆ ಇತ್ತು.

ಹತ್ತು ನಿಮಿಷದಲ್ಲಿ ಮೂರು ಗೋಲು ಬಿಟ್ಟರು. ನಾಲ್ಕನೆಯದು ಹೊಟ್ಟೆಗೆ ಬಡಿದು ಹೊರಗೆ ಹೋಯಿತು, ಅದು ಇವರು ತಡೆದ ಲೆಕ್ಕಕ್ಕೇ ಬಂತು. ಅಂಗಡಿಗೆ ಬೀಗ ಹಾಕಿ ಬಂದು ಕಾಂಪೌಂಡಿನ ಆಚೆ ನಿಂತಿದ್ದ ಅತ್ತೆ ಆ ಹತ್ತೂ ನಿಮಿಷ ಕಣ್ಣು ಮಿಟುಕಿಸಲಿಲ್ಲ.

ಸಂಜೆ ಶರ್ಟೂ ಚಡ್ಡಿಯೂ ಬಕೆಟ್ಟಿಗೆ ಬಿದ್ದವು. ಮಾವ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ನೀರನ್ನೇ ದಿಟ್ಟಿಸುತ್ತಿದ್ದರು. ನೀರು ಬೆಳ್ಳಗಾಯಿತು. ಇನ್ನೂ ಬೆಳ್ಳಗಾಯಿತು. ನೋಡುನೋಡುತ್ತಲೇ ಗೋಡೆಗೆ ಬಳಿಯಬಹುದು ಅನ್ನುವಷ್ಟು ಗಟ್ಟಿಯಾಯಿತು.

ಅತ್ತೆ ಬಕೆಟ್ಟಿಗೆ ಕೈ ಹಾಕಿ, ಚಡ್ಡಿಯ ಜೇಬು ಹೊರಗೆಳೆದರು. ಒಳಗೆ ಒಂದು ಮುಷ್ಟಿ ಸುಣ್ಣದ ಮುದ್ದೆ.

"ಇದೇನ್ರೀ ಇದು?"

"ಅದು..." ಮಾವ ಗಲ್ಲ ಕೆರೆದುಕೊಂಡರು. "ಎಲ್ಲಿ ಹತ್ತಿರಲ್ವೋ ಅಂತ ಭಯ ಆಯ್ತು ಕಣೇ. ಹೊರಡೋವಾಗ ಗೋಲ್ ಲೈನಿಂದ ಸ್ವಲ್ಪ ತಗೊಂಡ್ಬಂದೆ."