ಆಚಾರಿ ಬೇಕಿಲ್ಲದ ಶೆಡ್ಡು

ಪೆಟ್ಟಿಗೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿಸಿದ್ದರು: ಬಡಗಿಯ ಅಗತ್ಯವಿಲ್ಲ. ಅದನ್ನು ಹೆಂಡತಿಗೆ ಖುಷಿಯಿಂದ ಓದಿ ಹೇಳಿದೆ. "ಆಚಾರಿ ಬೇಕಿಲ್ವಂತೆ ಕಣೇ, ನಾವೇ ಜೋಡಿಸ್ಕೋಬಹುದಂತೆ." ಅವಳು ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದಳು. ತಲೆ ಎತ್ತದೆ, "ಆಚಾರಿ ಮನೇಲಿ ಹುಟ್ಟಿದೋರು ನೀವು, ನಾಚಿಕೆ ಆಗಲ್ವೇನ್ರೀ ಇದನ್ನ ಓದಕ್ಕೆ" ಅಂದಳು. ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಇವತ್ತು ಆಗುತ್ತಿದೆ. ಇವತ್ತು ಆಗಿ ಏನು ಪ್ರಯೋಜನ?

ನಮ್ಮಪ್ಪ ಯಡಿಯೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಮರಗೆಲಸದ ಅಂಗಡಿ ಇಟ್ಟಿದ್ದರು. ಜಯನಗರದ ಎಷ್ಟೋ ಮನೆಗಳ ಬಾಗಿಲು, ಕಿಟಕಿ, ದೇವರ ಮಂಟಪ ಅಲ್ಲಿಂದ ಹೋದವು. ನಾವು ಇಬ್ಬರು ಗಂಡುಮಕ್ಕಳು. ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಓದಿಸಿದರು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದೆ, ಜೆ.ಪಿ. ನಗರದಲ್ಲಿ ಮನೆ ಕಟ್ಟಿಸಿದೆ, ನಿವೃತ್ತನೂ ಆದೆ. ತಮ್ಮ ಅಪ್ಪನ ಜೊತೆ ಅಂಗಡಿಯಲ್ಲೇ ಉಳಿದ. ಅಪ್ಪ ತೀರಿಕೊಂಡ ಮೇಲೆ ಆ ಜಾಗದ ಮಾಲೀಕರು ಫ್ಲ್ಯಾಟ್ ಕಟ್ಟಬೇಕೆಂದು ಅಂಗಡಿ ಬಿಡಿಸಿದರು. ಈಗ ಅವನು ಉತ್ತರಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಯಾವುದೋ ಕಂಪನಿಯ ಪರವಾಗಿ ಅಪಾರ್ಟ್‌ಮೆಂಟುಗಳ ಅಡುಗೆಮನೆಗೆ ಕಬೋರ್ಡ್ ಕೂರಿಸುತ್ತಾನೆ. ಹಲಗೆಗಳು ಫ್ಯಾಕ್ಟರಿಯಲ್ಲೇ ಕತ್ತರಿಸಿಕೊಂಡು, ತೂತು ಕೊರೆಸಿಕೊಂಡು ಬಂದಿರುತ್ತವೆ. "ನಾನೀಗ ಆಚಾರಿ ಅಲ್ಲಣ್ಣ, ಸ್ಕ್ರೂ ತಿರುಗಿಸೋನು" ಎಂದು ಒಮ್ಮೆ ಹೇಳಿದ್ದ. ನಾನು ನಕ್ಕೆ. ಅವನು ನಗಲಿಲ್ಲ.

ಅಂಗಡಿಯಿಂದ ಅವನು ಹಟ ಹಿಡಿದು ಹೊತ್ತು ತಂದದ್ದು ಅಪ್ಪನ ಕೆಲಸದ ಬೆಂಚು. ಹೊನ್ನೆ ಮರದ್ದು, ಒಂದಾಳು ಉದ್ದ. ಹುಡುಕಿದರೂ ಒಂದು ಮೊಳೆ ಸಿಗುವುದಿಲ್ಲ, ಎಲ್ಲ ಕಚ್ಚು ಕಡಿದು ಕೂರಿಸಿದ್ದು. ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಟಾರ್ಪಾಲು ಹೊದ್ದು ಬಿದ್ದಿತ್ತು. ಎರಡು ವರ್ಷದ ಹಿಂದೆ ಆ ಮನೆಯ ಮಾಲೀಕರು, ಇಲ್ಲಿ ಸ್ಕೂಟರ್ ನಿಲ್ಲಿಸಬೇಕು, ಬೆಂಚು ತೆಗೆಯಿರಿ ಎಂದರು. ಆಗ ತಮ್ಮ ನನ್ನ ಹತ್ತಿರ ಬಂದ.

"ಅಣ್ಣ, ನಿನ್ನ ಟೆರೇಸ್ ಸುಮ್ನೆ ಖಾಲಿ ಬಿದ್ದಿದೆಯಲ್ಲ. ಒಂದು ಶೆಡ್ ಹಾಕ್ಕೊಳ್ಳಲಾ? ಬೆಂಚ್ ಅಲ್ಲಿಡ್ತೀನಿ. ಭಾನುವಾರ ಭಾನುವಾರ ಬಂದು ಏನಾದ್ರೂ ಮಾಡ್ತಿರ್ತೀನಿ. ಕೈ ಮರ್ತೋಗ್ತಿದೆ ಕಣಣ್ಣ." ಮತ್ತೆ, "ಅಂಗಡಿ ತೊಲೆಗಳು ನನ್ನತ್ರಾನೇ ಇವೆ. ನಾನೇ ಕಟ್ಕೋತೀನಿ, ನೀನೇನೂ ಮಾಡ್ಬೇಡ" ಅಂದ.

ನಾನು "ನೋಡೋಣ" ಅಂದೆ.

ನಮ್ಮೂರಿನಲ್ಲಿ ನೋಡೋಣ ಎಂದರೆ ಏನು ಎಂಬುದು ಗೊತ್ತಿರುವವರಿಗೆ ಗೊತ್ತು. ಬೇಡ ಎನ್ನಲು ಬಾಯಿ ಬಾರದವರ ಮಾತು ಅದು. ಎದುರಿನವರ ಆಸೆಯನ್ನು ಕೊಲ್ಲದೆ, ಅನ್ನ ನೀರೂ ಕೊಡದೆ, ಹಾಗೇ ಬಿಟ್ಟುಬಿಡುವುದು. ತಮ್ಮನಿಗೂ ಅದು ಗೊತ್ತು. ಕಾಫಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋದ.

ನನಗೆ ಬಂದ ಯೋಚನೆಯನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಅವನು ಅಪ್ಪನ ತೊಲೆ ತಂದು, ಅಪ್ಪನ ಹಾಗೆ ಕಚ್ಚು ಹಾಕಿ ನನ್ನ ತಾರಸಿಯ ಮೇಲೆ ಕಟ್ಟಿದರೆ ಅದು ಅವನದೇ ಆಗಿಬಿಡುತ್ತದೆ. ನಾಳೆ ಮೇಲೊಂದು ಮಹಡಿ ಎಬ್ಬಿಸಬೇಕು ಅನ್ನಿಸಿದರೆ ತಮ್ಮನನ್ನು ಏಳು ಎನ್ನುವುದು ಹೇಗೆ? ಅದೇ ನಾನೇ ಒಂದು ಶೆಡ್ಡು ಕಟ್ಟಿ, ಬಾರೋ, ಇಲ್ಲಿ ಕೆಲಸ ಮಾಡಿಕೋ ಎಂದರೆ ಅದು ನನ್ನದು. ಅವನು ನೆಂಟ. ಒಂದೇ ಅಂಗಡಿಯ ಮರದ ಪುಡಿಯಲ್ಲಿ ಆಡಿ ಬೆಳೆದವನ ಬಗ್ಗೆ ಇಷ್ಟು ಮುಂದಾಲೋಚನೆ ನನಗೆ ಹೇಗೆ ಬಂತೋ! ಹೊರಗೆ ಮಾತ್ರ, ಪಾಪ, ಅವನಿಗೆ ಯಾಕೆ ಕಷ್ಟ ಅಂದುಕೊಂಡೆ. ಹಾಗೆ ಅಂದುಕೊಂಡು ಚೆನ್ನಾಗಿ ನಿದ್ದೆಯನ್ನೂ ಮಾಡಿದೆ.

ಆನ್‌ಲೈನಿನಲ್ಲಿ ವಿದೇಶದ ಶೆಡ್ ಕಿಟ್ ಒಂದು ಸಿಕ್ಕಿತು. ಪೆಟ್ಟಿಗೆಯ ತುಂಬ ಕಪ್ಪು ಬಣ್ಣ ಬಳಿದ ಕಬ್ಬಿಣದ ಬ್ರಾಕೆಟ್‌ಗಳು, ಒಂದೊಂದಕ್ಕೂ ಮೂರು ತೋಳು. ಮರ ನಾವು ತಂದುಕೊಳ್ಳಬೇಕು. ತೋಳಿನೊಳಗೆ ಮರದ ತುದಿ ತೂರಿಸಿ ಬೋಲ್ಟು ಬಿಗಿದರೆ ಮೂಲೆ ನಿಂತಿತು. ಮೂಲೆಗಳು ನಿಂತರೆ ಶೆಡ್ಡು ನಿಂತಿತು. ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿ, ಬೇಡವಾದಾಗ ಬಿಚ್ಚಿಡಬಹುದು ಎಂದೂ ಬರೆದಿತ್ತು. ಅದನ್ನು ನಾನು ಹೆಂಡತಿಗೆ ಓದಿ ಹೇಳಲಿಲ್ಲ. ಕಿಟ್ ಕೊಂಡದ್ದೇ ಆ ಸಾಲಿಗಾಗಿ.

ಕಿಟ್ಟಿನ ಕಾಗದದಲ್ಲಿ ಮರದ ಅಳತೆ ಎರಡು ನಾಲ್ಕು ಎಂದಿತ್ತು. ಬನಶಂಕರಿ ಕಡೆಯ ಟಿಂಬರ್ ಡಿಪೋಗೆ ಹೋಗಿ, "ಪೈನ್ ಮರ, ಎರಡು ಇಂಚು ನಾಲ್ಕು ಇಂಚು, ಸರಿಯಾಗಿ ಕೊಡಬೇಕು" ಎಂದು ಮೇಷ್ಟ್ರ ಗತ್ತಿನಲ್ಲಿ ಹೇಳಿದೆ. ಅಲ್ಲಿದ್ದವನು, "ಸಾರ್, ಏನಕ್ಕೆ? ತೋಪಡ ಹೊಡೆದಿದ್ದು ಬೇಕಾ, ಹಂಗೇ ಬೇಕಾ?" ಎಂದು ಕೇಳಿದ. ಉಜ್ಜುಗೊರಡಿಗೆ ನಮ್ಮ ಆಚಾರಿಗಳು ತೋಪಡ ಎನ್ನುತ್ತಾರೆ. ಆ ಪದ ಕಿವಿಗೆ ಬಿದ್ದಾಗಲಾದರೂ ನನಗೆ ಎಚ್ಚರವಾಗಬೇಕಿತ್ತು. "ಕೇಳಿದ್ದು ಕೊಡಪ್ಪ, ಎರಡು ಅಂದ್ರೆ ಎರಡು" ಅಂದೆ. ಅವನು ನಿಯತ್ತಿನವನು. ಎರಡು ಅಂದರೆ ಎರಡೇ ಇಂಚು ಕೊಟ್ಟ.

ತಾರಸಿಯ ಮೇಲೆ ಮರಗಳನ್ನು ಹರಡಿಕೊಂಡು ಮೊದಲನೆಯ ತುದಿಯನ್ನು ಬ್ರಾಕೆಟ್ಟಿಗೆ ತೂರಿಸಿದೆ. ಹೋಗಲಿಲ್ಲ. ತಿರುಗಿಸಿ ನೋಡಿದೆ, ಸುತ್ತಿಗೆಯಿಂದ ಹೊಡೆದೆ, ಕೈ ತರಚಿಕೊಂಡೆ. ಕೊನೆಗೆ ಸ್ಕೇಲು ಹಿಡಿದರೆ ಬ್ರಾಕೆಟ್ಟಿನ ಬಾಯಿ ಇದ್ದದ್ದೇ ಒಂದೂವರೆ ಇಂಚು. ಕಿಟ್ ಮಾಡಿದ ದೇಶದವರು ಎರಡು ನಾಲ್ಕು ಎನ್ನುವುದು ಮರಕ್ಕೆ ಇಟ್ಟ ಹೆಸರು. ತೋಪಡ ಹೊಡೆದ ಮೇಲೆ ಉಳಿಯುವ ಅಳತೆ ಬೇರೆ. ಇದು ತಿಳಿಯಲು ವಿದೇಶಕ್ಕೇನೂ ಹೋಗಬೇಕಿರಲಿಲ್ಲ. ಅಪ್ಪ ದಿನಕ್ಕೆ ಹತ್ತು ಸಲ ತಮ್ಮನಿಗೆ ಹೇಳುತ್ತಿದ್ದ ಮಾತು, "ತೋಪಡಕ್ಕೆ ಬಿಡೋ." ಗುರುತು ಹಾಕುವಾಗ ಒಂದು ನೂಲು ಹೆಚ್ಚು ಬಿಡು, ಉಜ್ಜಿದರೆ ಸರಿಹೋಗುತ್ತದೆ ಎಂದು. ನಾನು ಅಂಗಡಿಯ ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡುತ್ತ ಆ ಮಾತನ್ನು ಸಾವಿರ ಸಲ ಕೇಳಿದ್ದೇನೆ. ಅದು ನನಗೆ ಹೇಳಿದ್ದಲ್ಲ ಅಂದುಕೊಂಡಿದ್ದೆ.

ಹತ್ತು ದಿನ ಮರಗಳು ಬಿಸಿಲಿನಲ್ಲಿ ಬಿದ್ದಿದ್ದವು. ಹೆಂಡತಿ ಹಪ್ಪಳ ಒಣಗಿಸಲು ಬಂದಾಗಲೆಲ್ಲ ಅವುಗಳನ್ನು ದಾಟಿಕೊಂಡು, "ಆಚಾರಿ ಬೇಕಿಲ್ವಂತೆ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಕೊನೆಗೆ ತಮ್ಮನಿಗೆ ಫೋನ್ ಮಾಡಿದೆ. "ನಿನಗೇ ಅಂತ ಶೆಡ್ ಕಟ್ತಿದೀನಿ ಕಣೋ. ಒಂಚೂರು ಮರ ಕೂರ್ತಿಲ್ಲ, ಬಂದು ನೋಡ್ತೀಯಾ?" "ನಂಗೇನಾ? ನೋಡೋಣ ಅಂದಿದ್ಯಲ್ಲ, ಬೇಡ ಅಂತ ಅಂದ್ಕೊಂಡೆ" ಅಂದ. ದನಿಯಲ್ಲಿ ಸಂತೋಷವಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಭಾನುವಾರ ಬೆಳಗ್ಗೆ ಅಪ್ಪನ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಬ್ರಾಕೆಟ್ಟುಗಳನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿದ. "ನಂಗೊಂದು ಮಾತು ಕೇಳಿದ್ರೆ ಈ ಕಬ್ಬಿಣ ಬೇಕೇ ಇರ್ಲಿಲ್ಲ" ಅಂದ, ಅಷ್ಟೇ. ಮರಗಳನ್ನು ಡಿಪೋಗೆ ಕಳಿಸಿ ಮೆಷೀನಿನಲ್ಲಿ ತೆಳ್ಳಗೆ ಮಾಡಿಸೋಣವೇ ಎಂದು ಕೇಳಿದೆ. "ಇಡೀ ಮರ ಯಾಕಣ್ಣ ಸಣ್ಣ ಮಾಡ್ತೀಯ? ಒಳಗೆ ಹೋಗೋದು ತುದಿ ತಾನೇ?" ಎಂದು ಅಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಕೂತ.

ಎರಡು ಭಾನುವಾರ ಅವನು ಕೆಲಸ ಮಾಡಿದ್ದನ್ನು ನಾನು ಕುರ್ಚಿ ಹಾಕಿಕೊಂಡು ನೋಡಿದೆ. ತುದಿಗೆ ಗರಗಸದಿಂದ ಕಚ್ಚು ಕೊಯ್ದು, ಉಳಿಯಿಂದ ಬಿಡಿಸಿ, ಅಪ್ಪನ ತೋಪಡದಿಂದ ಎರಡು ಎಳೆತ. ಬೆರಳಲ್ಲಿ ಸವರಿ ಬ್ರಾಕೆಟ್ಟಿಗೆ ಹಿಡಿದು, ಕೊಡತಿಯಿಂದ ಟಕ್ ಟಕ್ ಎಂದು ತಟ್ಟಿ ಕೂರಿಸುತ್ತಿದ್ದ. ಬೋಲ್ಟುಗಳನ್ನು ನನಗೆ ಬಿಟ್ಟಿದ್ದ. "ಸ್ಕ್ರೂ ತಿರುಗಿಸೋ ಕೆಲ್ಸ ನಿಂದು ಇವತ್ತು" ಎಂದು ನಕ್ಕ. ಹೆಂಡತಿ ಕೊಟ್ಟ ಉಪ್ಪಿಟ್ಟನ್ನು ಮರದ ಸಿಪ್ಪೆಯ ನಡುವೆಯೇ ಕೂತು ತಿಂದ. "ಅತ್ತಿಗೆ, ಪೂರ್ತಿ ಆದ್ಮೇಲೆ ನಿಮಗೊಂದು ತುರಿಯೋಮಣೆ ಮಾಡ್ಕೊಡ್ತೀನಿ, ಈಗಿರೋದು ಅಲ್ಲಾಡತ್ತೆ" ಅಂದ. ಅಷ್ಟು ಮಾತಾಡಿದ್ದನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ.

ಎರಡನೆಯ ಭಾನುವಾರ ಸಂಜೆ ಚೌಕಟ್ಟಿನ ಕೆಲಸ ಮುಗಿಯಿತು. ಕಂಬ ಅಲ್ಲಾಡಿಸಿ ನೋಡಿದೆ, ಜಪ್ಪಯ್ಯ ಅನ್ನಲಿಲ್ಲ. ಅವನು ಖಾಲಿ ಪೆಟ್ಟಿಗೆಯನ್ನು ಮಡಚಿ ಕಟ್ಟುತ್ತಿದ್ದವನು ಅದರ ಬದಿಯನ್ನೇ ನೋಡುತ್ತ, "ಅಣ್ಣ, ಇದನ್ನ ಬಿಚ್ಚಬಹುದಾ?" ಎಂದು ಕೇಳಿದ.

ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಆದರೆ ನನಗೆ ನನ್ನ ಜಾಣತನ ತೋರಿಸಿಕೊಳ್ಳುವ ಉತ್ಸಾಹ. "ಓ, ಒಂದೇ ದಿನ ಸಾಕು ಕಣೋ! ಬೇಡ ಅಂದಾಗ ಬಿಚ್ಚಿಟ್ರಾಯ್ತು, ಇತ್ತು ಅನ್ನೋ ಗುರುತೂ ಇರಲ್ಲ. ಅದಕ್ಕೇ ಇದನ್ನ ತರಿಸಿದ್ದು" ಅಂದೆ.

ಅವನು ತಲೆ ಆಡಿಸಿದ. ಸಾಮಾನು ಚೀಲಕ್ಕೆ ತುಂಬಿಕೊಂಡ. ಬೆಂಚು ಯಾವಾಗ ತರುತ್ತೀಯ ಎಂದು ಕೇಳಿದ್ದಕ್ಕೆ, "ನೋಡೋಣ" ಅಂದ.

ಮೂರು ವಾರ ಕಾದು ನಾನೇ ಫೋನ್ ಮಾಡಿದೆ. ಗೊಟ್ಟಿಗೆರೆಯಲ್ಲಿ ಜೊತೆ ಕೆಲಸದವನದೊಂದು ಜಾಗವಿದೆ, ಬೆಂಚನ್ನು ಅಲ್ಲಿಗೆ ಸಾಗಿಸಿದೆ ಎಂದ. ನನಗೆ ರೇಗಿತು. ಇಷ್ಟು ಕಷ್ಟಪಟ್ಟು ಕಟ್ಟಿದ್ದೇನೆ, ಮನೆಯ ವಸ್ತುವನ್ನು ಯಾರದೋ ಜಾಗದಲ್ಲಿ ಇಡುವುದೇ ಎಂದು ಕೂಗಾಡಿದೆ. ಎಲ್ಲ ಕೇಳಿಸಿಕೊಂಡು, "ಅಪ್ಪನ ಬೆಂಚು ಬಿಚ್ಚಕ್ಕೆ ಬರಲ್ಲ ಅಣ್ಣ" ಅಂದ. "ಬಿಚ್ಚೋ ಜಾಗದಲ್ಲಿ ಅದನ್ನ ಹೆಂಗಿಡ್ಲಿ?" ಜಗಳದ ದನಿಯಲ್ಲ. ಅಳತೆ ಹೇಳುವ ಹಾಗೆ ಹೇಳಿದ. ಆಮೇಲೆ ಅವನು ಮನೆಗೆ ಬರುವುದು ಹಬ್ಬಕ್ಕೆ ಮಾತ್ರ. ತಾರಸಿಗೆ ಹತ್ತಿಲ್ಲ. ತುರಿಯೋಮಣೆ ಇನ್ನೂ ಅಲ್ಲಾಡುತ್ತದೆ.

ಶೆಡ್ಡಿಗೆ ಶೀಟು ಹೊದಿಸಲೇ ಇಲ್ಲ. ಎರಡು ಮಳೆಗಾಲ ಆ ಚೌಕಟ್ಟು ಬರಿದೇ ನೆನೆಯಿತು. ಈ ವರ್ಷ ಹೆಂಡತಿ, "ಸೋಲಾರ್‌ನೋರು ಬರ್ತಾರೆ, ಆ ಅಸ್ಥಿಪಂಜರ ಬಿಚ್ಚಿ ಹಾಕ್ರೀ" ಅಂದಳು. ಒಂದೇ ದಿನದ ಕೆಲಸ ತಾನೇ? ತಿಂಡಿ ತಿಂದು ಸ್ಪ್ಯಾನರ್ ಹಿಡಿದು ಹತ್ತಿದೆ. ಮೊದಲ ಮೂಲೆಯ ಬೋಲ್ಟುಗಳನ್ನೆಲ್ಲ ತೆಗೆದು ಮರ ಹಿಡಿದು ಎಳೆದೆ. ಬರಲಿಲ್ಲ. ಎರಡನೆಯ ಮೂಲೆಯೂ ಹಾಗೇ. ಸುತ್ತಿಗೆಯಿಂದ ಹೊಡೆದೆ, ಬ್ರಾಕೆಟ್ಟಿನ ಬಣ್ಣ ಎದ್ದಿತೇ ಹೊರತು ಮರ ಕದಲಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಪ್ರತಿ ತುದಿಯಲ್ಲೂ ತಮ್ಮ ಒಂದು ನೂಲು ಹೆಚ್ಚು ಬಿಟ್ಟಿದ್ದ. ಬಿಟ್ಟದ್ದನ್ನು ಪೂರ್ತಿ ಉಜ್ಜಿ ತೆಗೆಯದೆ ಹಾಗೆಯೇ ಕೊಡತಿಯಿಂದ ತಟ್ಟಿ ಕೂರಿಸಿದ್ದ. ಮಳೆಗೆ ಮರ ಉಬ್ಬಿ ಕಬ್ಬಿಣವನ್ನು ಕಚ್ಚಿ ಹಿಡಿದಿತ್ತು. ಬಿಚ್ಚುವ ಶೆಡ್ಡಿಗೆ ಯಾರೂ ಹಾಗೆ ಕೂರಿಸುವುದಿಲ್ಲ. ಅವನು ಇಲ್ಲೇ ಇರುತ್ತೇನೆ ಎಂದುಕೊಂಡು ಕೂರಿಸಿದ್ದ. ನನ್ನನ್ನು ಆ ಪ್ರಶ್ನೆ ಕೇಳುವ ಹೊತ್ತಿಗೆ ಎಲ್ಲ ಮೂಲೆಗಳನ್ನೂ ಕೂರಿಸಿ ಆಗಿತ್ತು.

ಸ್ಪ್ಯಾನರ್ ಕೆಳಗಿಟ್ಟು ಅಲ್ಲೇ ತಾರಸಿಯ ಮೇಲೆ ಕೂತೆ. ಕೆಳಗಿನಿಂದ ಹೆಂಡತಿ, "ಏನ್ರೀ, ಆಯ್ತಾ?" ಎಂದು ಕೂಗಿದಳು.

"ಇಲ್ಲ ಕಣೇ" ಅಂದೆ. "ಇದಕ್ಕೆ ಆಚಾರಿ ಬೇಕು."

"ಕರೀರಿ ಹಾಗಾದ್ರೆ" ಅಂದಳು. ನನಗೆ ಗೊತ್ತಿರುವ ಆಚಾರಿ ಒಬ್ಬನೇ.